ಮೂರು ಕೀಲಿಕೈಗಳ ಪೆಟ್ಟಿಗೆ

1199ರ ಅಂತ್ಯದಲ್ಲಿ ಜಗದ್ಗುರು ಮೂರನೆಯ ಇನ್ನೊಸೆಂಟರು ಒಂದು ಆಜ್ಞೆ ಹೊರಡಿಸಿದರು. ಪವಿತ್ರ ನಾಡಿನ ನೆರವಿಗಾಗಿ ಪ್ರತಿಯೊಂದು ದೇವಾಲಯದಲ್ಲೂ ಕಾಣಿಕೆ ಪೆಟ್ಟಿಗೆಯನ್ನಿರಿಸಬೇಕು, ಅದಕ್ಕೆ ಮೂರು ಕೀಲಿಕೈಗಳಿರಬೇಕು ಎಂದು. ಒಂದು ಧರ್ಮಾಧ್ಯಕ್ಷರ ಬಳಿ, ಇನ್ನೊಂದು ದೇವಾಲಯದ ಗುರುವಿನ ಬಳಿ, ಮೂರನೆಯದು ಭಕ್ತಿವಂತ ಶ್ರೀಸಾಮಾನ್ಯನೊಬ್ಬನ ಬಳಿ ಇರತಕ್ಕದ್ದೆಂದು ಗೊತ್ತುಪಡಿಸಲಾಯಿತು. ಇದನ್ನು ಪರಸ್ಪರ ಅಪನಂಬಿಕೆ ಎಂದು ತಿಳಿಯಲಾಗದು. ಒಬ್ಬನ ಕೀಲಿಕೈ ಕಳುವಾದರೂ, ಒಬ್ಬನ ಮನಸ್ಸು ಚಂಚಲವಾದರೂ ಜನರ ಕಾಣಿಕೆ ಭದ್ರವಾಗಿರಲೆಂಬ ವಿವೇಕವದು.

ಈ ಹಳೆಯ ಪೆಟ್ಟಿಗೆಯನ್ನು ಇಂದು ನೆನೆಯಲು ಕಾರಣವುಂಟು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳ ನಮ್ಮ ಮನೆಗಳಲ್ಲಿ ಕಬ್ಬಿನ ಬಿಲ್ಲು, ಗೃಹಲಕ್ಷ್ಮಿಯ 2000 ರೂಪಾಯಿ, ಕೊಲ್ಲಾಪುರ, ಪುಣೆಗಳಲ್ಲಿ ದುಡಿಯುವ ಮಕ್ಕಳು ಕಳುಹಿಸುವ ಹಣ, ಎಲ್ಲವೂ ಬ್ಯಾಂಕ್ ಖಾತೆಗೇ ಬಂದು ಸೇರುತ್ತವೆ. ಮನೆಯ ಪೆಟ್ಟಿಗೆ ಈಗ ಅಂಗೈಯ ಮೊಬೈಲಿನಲ್ಲಿದೆ. ಅದರ ಕೀಲಿಕೈಗಳೆಷ್ಟು, ಅವು ಯಾರ ಕೈಯಲ್ಲಿವೆ ಎಂದು ನಾವು ಕೇಳಿಕೊಂಡಿದ್ದೇವೆಯೇ?

‘ಇರುವುದು’ ಬೇರೆ, ‘ಹೊಂದಿರುವುದು’ ಬೇರೆ ಎಂದು ಅರಿಸ್ಟಾಟಲನು ಎಣಿಸಿದ್ದನ್ನು ನಾವು ಸೆಮಿನರಿಯಲ್ಲಿ ಓದಿದ್ದೆವು. ಬ್ಯಾಂಕಿನ ಬಾಗಿಲೂ ಇಂಥದೇ ಪ್ರಶ್ನೆಗಳನ್ನು ಕೇಳುತ್ತದೆ. ನೀನು ಬಲ್ಲುದೇನು? ಅದು ಪಾಸ್‌ವರ್ಡ್ ಅಥವಾ ಪಿನ್. ನೀನು ಹೊಂದಿರುವುದೇನು? ಅದು ಕಾರ್ಡ್, ಸಿಮ್ ಅಥವಾ ಫೋನ್. ನೀನು ಯಾರು? ಅದಕ್ಕೆ ಬೆರಳಚ್ಚು ಉತ್ತರ. ಆನ್‌ಲೈನ್ ಕಾರ್ಡ್ ವ್ಯವಹಾರಗಳಿಗೆ ಕಾರ್ಡಿನ ಮೇಲೆ ಕಾಣದ ಇನ್ನೊಂದು ಗುರುತನ್ನು ರಿಸರ್ವ್ ಬ್ಯಾಂಕು 2009ರ ಆಗಸ್ಟ್ 1ರಿಂದ ಕಡ್ಡಾಯಗೊಳಿಸಿತು. 2026ರ ಏಪ್ರಿಲ್ 1ರಿಂದ ಅನ್ವಯವಾಗುವಂತೆ 2025ರಲ್ಲಿ ಅದು ಹೊರಡಿಸಿದ ನಿರ್ದೇಶನದ ತಿರುಳೂ ಇದೇ: ಒಂದು ಗುರುತು ಕೈತಪ್ಪಿದರೂ ಇನ್ನೊಂದು ಕೆಡಬಾರದು.

ಆದರೆ ನಮ್ಮ ರೂಢಿಯೇನು? ಕಾರ್ಡಿನ ಹೊದಿಕೆಯ ಮೇಲೆಯೇ ಪಿನ್ ಬರೆದಿಡುತ್ತೇವೆ. ಪಾಸ್‌ವರ್ಡನ್ನು ಯಾವ ಫೋನಿನಲ್ಲಿ ಬರೆಯುತ್ತೇವೆಯೋ ಅದೇ ಫೋನಿಗೆ ಒಟಿಪಿಯೂ ಬರುತ್ತದೆ. ಎರಡು ಕೀಲಿಕೈಗಳನ್ನು ಮಾಡಿಸಿ ಒಂದೇ ಗೊಂಚಲಿನಲ್ಲಿ ಕಟ್ಟಿ ಬಾಗಿಲಿಗೇ ತೂಗಹಾಕಿದಂತಾಯಿತು.

ನಮ್ಮ ಧರ್ಮಕೇಂದ್ರದ ವಿಧವೆ ತಾಯಿಯೊಬ್ಬರಿಗೆ ವಾಟ್ಸ್‌ಆ್ಯಪ್‌ನಲ್ಲಿ ಮದುವೆಯ ಆಮಂತ್ರಣವೊಂದು ಬಂತು. ತೆರೆದರು. ಅದು ಆಮಂತ್ರಣವಲ್ಲ, ಫೋನಿನೊಳಗೆ ಕುಳಿತು ಸಂದೇಶಗಳನ್ನು ಓದುವ ಆ್ಯಪ್. ರಾತ್ರಿ ಕಳೆಯುವುದರೊಳಗೆ ಕಬ್ಬಿನ ಹಣವೆಲ್ಲ ಹೋಗಿತ್ತು. ಮಗ ಬೈಯುವನೆಂದು ಅಂಜಿ ಒಂಬತ್ತು ದಿನ ಯಾರಿಗೂ ಹೇಳಲಿಲ್ಲ. ನಮ್ಮ ಬಳಿ ಬಂದು ಅತ್ತಾಗ ಹಣವನ್ನು ತಡೆಹಿಡಿಯುವ ಕಾಲ ಮೀರಿತ್ತು. ಹಣಕ್ಕಿಂತಲೂ ಆ ಒಂಬತ್ತು ದಿನಗಳ ಮೌನ ನಮ್ಮನ್ನು ಹೆಚ್ಚು ನೋಯಿಸಿತು.

ಆದುದರಿಂದ ಪ್ರಿಯ ಕುಟುಂಬಗಳೇ, ಕೀಲಿಕೈಗಳನ್ನು ಬೇರ್ಪಡಿಸಿರಿ. ಸಾಧ್ಯವಿದ್ದವರು ಬ್ಯಾಂಕಿಗೆ ಕೊಟ್ಟ ಸಿಮ್ಮನ್ನು ಮನೆಯಲ್ಲಿರುವ ಹಳೆಯ ಬಟನ್ ಫೋನಿನಲ್ಲಿಡಲಿ. ನೆಟ್ ಬ್ಯಾಂಕಿಂಗಿಗೆ, ಕಾರ್ಡಿಗೆ ಒಟಿಪಿ ಅಲ್ಲಿಗೆ ಬರಲಿ. ಯುಪಿಐಗೆ ಸಿಮ್ ಅದೇ ಫೋನಿನಲ್ಲಿರಬೇಕಾದ್ದರಿಂದ ಅದರ ಪಿನ್ ನೆನಪಿನಲ್ಲಷ್ಟೇ ಇರಲಿ. ಹಣ ಪಡೆಯಲು ಪಿನ್ ಬೇಕಿಲ್ಲ, ಕೇಳಿದವನು ಕಳ್ಳ. ಆದರೆ ಕೀಲಿಕೈಯನ್ನು ನಾವೇ ಕೈಯಾರೆ ಕೊಟ್ಟರೆ ಎರಡಲ್ಲ, ಹತ್ತು ಸಾಧನಗಳಿದ್ದರೂ ಫಲವಿಲ್ಲ. ಒಟಿಪಿಯನ್ನು ಫೋನಿನಲ್ಲಿ ಯಾರಿಗೂ, ಬ್ಯಾಂಕಿನವರೆಂದು ಹೇಳಿಕೊಳ್ಳುವವರಿಗೂ, ತಿಳಿಸಬಾರದು. ಮೋಸವಾದರೆ ತಡಮಾಡದೆ 1930ಕ್ಕೆ ಕರೆಮಾಡಿ, ಬ್ಯಾಂಕಿಗೂ ತಿಳಿಸಿರಿ.

ಮಕ್ಕಳಿಗೂ ಒಂದು ಮಾತು. ಮೋಸಹೋದುದು ಪಾಪವಲ್ಲ, ಮೋಸಮಾಡಿದ್ದು ಪಾಪ. ತಾಯಿ ಅಂಜದೆ ಬಂದು ಹೇಳುವ ಮನೆಯಲ್ಲಿ ಮೂರನೆಯ ಕೀಲಿಕೈಯೂ ಇದೆ. ಅದನ್ನು ಯಾವ ಬ್ಯಾಂಕೂ ಕೊಡಲಾರದು, ಯಾವ ಕಳ್ಳನೂ ಕದಿಯಲಾರ.