ವಂಶಾವಳಿಯ ಶೋಧನೆ: ಹೆಳವರ ವಹಿಯಿಂದ ಅಂತರಜಾಲದವರೆಗೆ

ತನ್ನ ಹಿರಿಯರು ಯಾರು, ಅವರು ಎಲ್ಲಿಂದ ಬಂದರು, ಯಾವ ಕಾಯಕದಿಂದ ಬದುಕಿದರು ಎಂಬುದನ್ನು ಅರಿಯುವ ಹಂಬಲ ಮಾನವನಿಗೆ ಸಹಜವಾದುದು. ಉತ್ತರ ಕರ್ನಾಟಕದಲ್ಲಿ ಈ ಹಂಬಲವನ್ನು ತಣಿಸುವ ಹೊಣೆಯನ್ನು ಹೆಳವರು ತಲೆತಲಾಂತರದಿಂದ ಹೊತ್ತು ಬಂದಿರುವರು. ಎತ್ತಿನೊಡನೆ ಊರೂರು ತಿರುಗಿ, ಮನೆಯ ಮುಂದೆ ನಿಂತು, ಆ ಮನೆತನದ ಹಿರಿಯರ ಹೆಸರುಗಳನ್ನು ಸಾಲಾಗಿ ಹೇಳಿ, ಹೊಸದಾಗಿ ಹುಟ್ಟಿದವರ ಹೆಸರನ್ನು ವಹಿಯಲ್ಲಿ ಸೇರಿಸಿಕೊಂಡು, ಕಾಳುಕಡಿಯ ಕಾಣಿಕೆ ಪಡೆದು ಮುಂದಿನ ಊರಿಗೆ ಸಾಗುವುದು ಅವರ ವೃತ್ತಿ. ಈ ವೃತ್ತಿ ಇಂದು ಕ್ಷೀಣಿಸುತ್ತಿದೆ. ಇನ್ನೊಂದು ಕಡೆ, ಅಂತರಜಾಲದಲ್ಲಿ ದೊರೆಯುವ ದಾಖಲೆಗಳು ಹೆಚ್ಚುತ್ತಿವೆ. ಇವುಗಳನ್ನು ಬಳಸುವ ಕ್ರಮವೇನು, ಇವುಗಳ ಮಿತಿಯೇನು ಎಂಬುದು ವಿಚಾರಾರ್ಹವಾದ ವಿಷಯ.

ತಿಳಿದುದರಿಂದ ತಿಳಿಯದುದರ ಕಡೆಗೆ ಸಾಗಬೇಕೆಂಬುದು ಶೋಧನೆಯ ಮೊದಲ ನಿಯಮ. ಪ್ರಸಿದ್ಧ ಪುರುಷನೊಬ್ಬನನ್ನು ಮೂಲಪುರುಷನೆಂದು ಮೊದಲೇ ನಿಶ್ಚಯಿಸಿ ಕೆಳಗಿಳಿಯುವವನು ಬಹುಮಟ್ಟಿಗೆ ದಾರಿ ತಪ್ಪುತ್ತಾನೆ. ತನ್ನಿಂದ ತಂದೆತಾಯಿಗಳಿಗೆ, ಅವರಿಂದ ಅಜ್ಜ ಅಜ್ಜಿಯರಿಗೆ ಒಂದೊಂದೇ ಮೆಟ್ಟಿಲು ಏರುವುದು ಲೇಸು. ಮನೆಯ ವೃದ್ಧರು ಹೇಳುವ ಹೆಸರು, ಊರು, ಹೊಲದ ಗುರುತು ಇವನ್ನು ಮೊದಲು ಬರೆದಿಟ್ಟುಕೊಳ್ಳಬೇಕು. ದಾಖಲೆ ನಾಳೆಯೂ ದೊರೆತೀತು. ವೃದ್ಧರ ನೆನಪು ಕಾಯಲಾರದು.

ಎರಡನೆಯ ಮೆಟ್ಟಿಲು ಮತದಾರರ ಪಟ್ಟಿ. ರಾಜ್ಯದ ಮುಖ್ಯ ಚುನಾವಣಾಧಿಕಾರಿಗಳ ಜಾಲತಾಣದಲ್ಲಿ 2002ರ ಪಟ್ಟಿಗಳು ಮತಗಟ್ಟೆವಾರು ದೊರೆಯುತ್ತವೆ. ಅವುಗಳಲ್ಲಿ ಮತದಾರರ ಹೆಸರು, ತಂದೆಯ ಇಲ್ಲವೆ ಗಂಡನ ಹೆಸರು, ವಯಸ್ಸು, ಮನೆಯ ಸಂಖ್ಯೆ ಇರುತ್ತವೆ. ಅಂದು 80 ವರ್ಷದವರಾಗಿದ್ದವರು 1922ರ ಸುಮಾರಿಗೆ ಜನಿಸಿದವರು. ಅವರ ತಂದೆಯ ಹೆಸರು ಶೋಧಕನನ್ನು ಹತ್ತೊಂಬತ್ತನೆಯ ಶತಮಾನದ ಅಂಚಿಗೆ ಒಯ್ಯಬಲ್ಲದು.

ಮೂರನೆಯದು ಭೂದಾಖಲೆ. ಕರ್ನಾಟಕ ಸರಕಾರದ ‘ಭೂಮಿ’ ಯೋಜನೆಯ ಮೂಲಕ ಪಹಣಿಗಳ ಗಣಕೀಕರಣ ನಡೆದು, ಸುಮಾರು 2 ಕೋಟಿ ದಾಖಲೆಗಳು ಗಣಕಯಂತ್ರವನ್ನು ಸೇರಿದವು. ಒಡೆಯರು ಬದಲಾದರೂ ಹೊಲದ ಸರ್ವೆ ನಂಬರು ಸಾಮಾನ್ಯವಾಗಿ ಉಳಿಯುತ್ತದೆ. ಪಾಲಾದಾಗ ಹಿಸ್ಸಾ ಸಂಖ್ಯೆ ಮಾತ್ರ ಬೆಳೆಯುತ್ತದೆ. ಆದ್ದರಿಂದ ಸರ್ವೆ ನಂಬರನ್ನು ಹಿಡಿದು ಹಿಂದಕ್ಕೆ ಹೋಗಬಹುದು. ಪಹಣಿಗಿಂತಲೂ ವಾರಸಾ ಬದಲಾವಣೆಯ ದಾಖಲೆ ಹೆಚ್ಚು ಬೆಲೆಯುಳ್ಳದ್ದು. ಏಕೆಂದರೆ ಅದರಲ್ಲಿ ಮೃತರ ಹೆಸರಿನೊಡನೆ ವಾರಸುದಾರರ ಹೆಸರುಗಳೂ ಬಂದಿರುತ್ತವೆ. ಹಳೆಯ ಮುಂಬಯಿ ಪ್ರಾಂತದ ಜಿಲ್ಲೆಗಳಲ್ಲಿ 1903ರ ಕಾಯಿದೆಯ ತರುವಾಯ ಇಂತಹ ಹಕ್ಕುದಾಖಲೆಗಳು ಬೆಳೆದು ಬಂದವು. ಜಾಲದಲ್ಲಿ ಕಾಣದ ಹಳೆಯ ಪುಟಗಳಿಗಾಗಿ ತಾಲೂಕು ಕಚೇರಿಯ ದಾಖಲೆ ಕೋಣೆಗೆ ಹೋಗುವುದು ಅನಿವಾರ್ಯ.

ಊರಿನ ಹಿನ್ನೆಲೆಯನ್ನು ತಿಳಿಯಲು ಹಳೆಯ ಗ್ರಂಥಗಳೂ ನೆರವಾಗುತ್ತವೆ. 1884ರಲ್ಲಿ ಪ್ರಕಟವಾದ ಧಾರವಾಡ, ಬೆಳಗಾವಿ, ವಿಜಾಪುರ ಜಿಲ್ಲೆಗಳ ಗ್ಯಾಸೆಟಿಯರುಗಳನ್ನೂ, ಬಿ. ಎಲ್. ರೈಸ್ ಅವರು 1886ರಿಂದ ಹೊರತಂದ ‘ಎಪಿಗ್ರಾಫಿಯ ಕರ್ನಾಟಿಕ’ ಸಂಪುಟಗಳನ್ನೂ ‘ಇಂಟರ್‌ನೆಟ್ ಆರ್ಕೈವ್’ ತಾಣದಲ್ಲಿ ಓದಬಹುದು. ಆದರೆ ಶಾಸನದಲ್ಲಿ ಊರಿನ ಹೆಸರು ಕಂಡಮಾತ್ರಕ್ಕೆ ಅಲ್ಲಿಯ ದಾನಿ ತನ್ನ ಪೂರ್ವಜನೆಂದು ಬಗೆಯುವುದು ಸಲ್ಲದು.

ಇಲ್ಲಿಯೇ ಅತಿ ಮುಖ್ಯವಾದ ಎಚ್ಚರಿಕೆ ಒದಗುತ್ತದೆ. ಅಂತರಜಾಲವು ಹೆಸರನ್ನು ತೋರಿಸುತ್ತದೆ; ಆ ಹೆಸರಿನವನು ತನಗೆ ಏನಾಗಬೇಕೆಂಬುದನ್ನು ಎಲ್ಲ ವೇಳೆ ತೋರಿಸಲಾರದು. ಅಜ್ಜನ ಹೆಸರನ್ನು ಮೊಮ್ಮಗನಿಗಿಡುವ ನಾಡಿನಲ್ಲಿ ‘ಬಸಪ್ಪ ತಂದೆ ವೀರಭದ್ರಪ್ಪ’ ಎಂಬವರು ಒಂದೇ ಊರಿನಲ್ಲಿ ಇಬ್ಬರಿರಬಹುದು, ಒಂದೇ ಮನೆತನದಲ್ಲಿ ತಲೆಮಾರು ಬಿಟ್ಟು ಮತ್ತೆ ಬರಬಹುದು. ಪಹಣಿಯಲ್ಲಿ ಹೊಸ ಹೆಸರು ಬಂದುದಕ್ಕೆ ವಾರಸಿಕೆಯೇ ಕಾರಣವೆನ್ನಲಾಗದು. ಕ್ರಯವಾಗಿರಬಹುದು, 1974ರ ಭೂಸುಧಾರಣೆಯಿಂದ ಗೇಣಿದಾರನೇ ಒಡೆಯನಾಗಿರಬಹುದು. ಆದುದರಿಂದ ಒಂದಕ್ಕೊಂದು ಸಂಬಂಧವಿಲ್ಲದ ಎರಡು ಸಾಕ್ಷ್ಯಗಳು ಕೂಡಿಬಂದ ಮೇಲೆಯೇ ಸಂಬಂಧವನ್ನು ಒಪ್ಪತಕ್ಕದ್ದು. ಬಳಕೆದಾರರು ತಾವೇ ಹೆಸರು ಸೇರಿಸಬಹುದಾದ ಜಾಲತಾಣಗಳ ವಂಶವೃಕ್ಷಗಳನ್ನು ಸುಳಿವೆಂದು ಬಗೆಯಬೇಕೇ ಹೊರತು ಪ್ರಮಾಣವೆಂದಲ್ಲ.

ಇನ್ನೊಂದು ಕೊರತೆಯೂ ಉಂಟು. ಹೊಲವಿಲ್ಲದವರು ಪಹಣಿಯಲ್ಲಿಲ್ಲ. ಹೆಣ್ಣುಮಕ್ಕಳು ಹಳೆಯ ವಂಶಾವಳಿಗಳಲ್ಲಿ ಬಹುಮಟ್ಟಿಗೆ ಇಲ್ಲ. 1994ರ ರಾಜ್ಯ ತಿದ್ದುಪಡಿಯೂ 2005ರ ಕೇಂದ್ರ ತಿದ್ದುಪಡಿಯೂ ಹಿಂದೂ ಉತ್ತರಾಧಿಕಾರ ಕಾಯಿದೆಯಲ್ಲಿ ಮಗಳ ಹಕ್ಕನ್ನು ವಿಸ್ತರಿಸಿದವು. ಆದರೆ ಹಿಂದಿನ ಕಾಲದ ಅಜ್ಜಿ, ಮುತ್ತಜ್ಜಿಯರ ಹೆಸರನ್ನು ಯಾವ ಕಾಯಿದೆಯೂ ಮರಳಿ ತಾರದು. ಶಾಲೆಯ ದಾಖಲಾತಿ ಪುಸ್ತಕ, ಮದುವೆಯ ಲಗ್ನಪತ್ರಿಕೆ, ಸಮಾಧಿಯ ಕಲ್ಲು, ತವರಿನವರ ನೆನಪು ಇವುಗಳಿಂದಲೇ ಆ ಹೆಸರುಗಳನ್ನು ಕೂಡಿಸಬೇಕು. ತಾಯಂದಿರ ಹೆಸರಿಲ್ಲದ ವಂಶಾವಳಿ ಅರ್ಧ ವಂಶಾವಳಿಯೇ ಸರಿ.

ಅಮೆರಿಕದಲ್ಲಿ 1894ರಲ್ಲಿ ಸ್ಥಾಪಿತವಾದ ಯೂಟಾ ವಂಶಾವಳಿ ಸಂಘವು ಹರಿದ್ವಾರದ ಪಂಡಾಗಳ ವಹಿಗಳನ್ನು ಸೂಕ್ಷ್ಮಚಿತ್ರಗಳಲ್ಲಿ ಸೆರೆಹಿಡಿದುದರಿಂದ ಅವು ಇಂದು ದೂರದೇಶದವರಿಗೂ ಎಟಕುವಂತಾಗಿವೆ. ಹೆಳವರ ವಹಿಗಳಿಗೂ ಇಂತಹ ರಕ್ಷಣೆ ಅತ್ಯವಶ್ಯ. ಊರಿಗೆ ಹೆಳವರು ಬಂದಾಗ ಅವರನ್ನು ಗೌರವದಿಂದ ಕೂಡಿಸಿ, ಅವರ ಒಪ್ಪಿಗೆ ಪಡೆದು, ವಹಿಯ ಪುಟಗಳ ಛಾಯಾಚಿತ್ರವನ್ನೂ ಅವರು ಹೇಳುವ ಮಾತನ್ನೂ ಸಂಗ್ರಹಿಸಿ, ತಕ್ಕ ಕಾಣಿಕೆ ಸಲ್ಲಿಸುವುದು ಯಾವ ಮನೆತನಕ್ಕೂ ಅಸಾಧ್ಯವಾದುದಲ್ಲ. ಮನೆಯ ಹಿರಿಯರೂ ವಹಿಯನ್ನು ಓದಬಲ್ಲ ಹೆಳವರೂ ಇರುವಾಗಲೇ ಈ ಕಾರ್ಯ ನಡೆದರೆ, ಅಂತರಜಾಲದಲ್ಲಿ ದೊರೆತ ಹೆಸರುಗಳ ಸಂಬಂಧವನ್ನು ಅವರ ಬಾಯಿಂದಲೇ ಕೇಳಿ ತಿಳಿಯಬಹುದು.