ಮೇಲುಕೋಟೆಯಿಂದ ಏನು ತರೋಣ?

ಯಾತ್ರೆಗೆ ಹೋದವರು ಬರಿಗೈಯಲ್ಲಿ ಹಿಂದಿರುಗಬಾರದೆಂಬುದು ನಮ್ಮಲ್ಲಿ ಬಹುಕಾಲದಿಂದ ನಡೆದುಬಂದ ರೂಢಿ. ಕಾಶಿಗೆ ಹೋದವರು ಗಂಗೋದಕದ ಗಿಂಡಿಯನ್ನೂ ಕಾಶೀದಾರವನ್ನೂ ತರುತ್ತಾರೆ. ತಿರುಪತಿಗೆ ಹೋದವರು ಲಾಡು ತಂದು ನೆರೆಹೊರೆಗೆ ಚೂರು ಚೂರಾಗಿ ಹಂಚುತ್ತಾರೆ. ತಾವು ಕಂಡ ಊರನ್ನು ಕಾಣಲಾಗದವರಿಗೆ ಅದರ ಒಂದು ತುಣುಕನ್ನಾದರೂ ಮುಟ್ಟಿಸಬೇಕೆಂಬ ಸೌಜನ್ಯ ಈ ಹಂಚಿಕೆಯ ಹಿಂದಿದೆ. ಆದರೆ ಇಂದು ಯಾವ ಕ್ಷೇತ್ರದ ಅಂಗಡಿ ಬೀದಿಗೆ ಹೋದರೂ ಕಣ್ಣಿಗೆ ಬೀಳುವ ಸಾಮಾನು ಬಹುಮಟ್ಟಿಗೆ ಒಂದೇ ಬಗೆಯದು. ಅದೇ ಪ್ಲಾಸ್ಟಿಕ್ಕಿನ ಆಟಿಕೆ, ಅದೇ ಮಿರುಗುವ ಚೌಕಟ್ಟಿನ ಪಟ, ಅದೇ ಬಣ್ಣದ ಬಳೆ. ದೇವರ ಹೆಸರನ್ನು ಬದಲಿಸಿ ಮುದ್ರಿಸಿದರೆ ಒಂದು ಊರಿನ ಸರಕು ಮತ್ತೊಂದು ಊರಿನದಾಗುತ್ತದೆ. ಹೀಗಿರುವಾಗ ಮೇಲುಕೋಟೆಗೆ ಹೋದವರು ಅಲ್ಲಿಂದ ಏನು ತಂದರೆ ಅದು ಮೇಲುಕೋಟೆಯದೇ ಆದೀತು? ಈ ಪ್ರಶ್ನೆ ಮೇಲ್ನೋಟಕ್ಕೆ ಚಿಕ್ಕದು. ಉತ್ತರ ಹುಡುಕಹೊರಟರೆ ಆ ಊರಿನ ಮಣ್ಣು, ಮಗ್ಗ, ಅಡುಗೆಮನೆಗಳೆಲ್ಲವನ್ನೂ ಬಳಸಿ ಬರಬೇಕಾಗುತ್ತದೆ.

ಮಂಡ್ಯ ಜಿಲ್ಲೆಯ ಪಾಂಡವಪುರ ತಾಲ್ಲೂಕಿನ ಈ ಗಿರಿಕ್ಷೇತ್ರದ ಪರಿಚಯವನ್ನು ವಿಸ್ತರಿಸಬೇಕಾಗಿಲ್ಲ. ಯದುಗಿರಿ, ತಿರುನಾರಾಯಣಪುರ ಎಂಬ ಹೆಸರುಗಳೂ ಇದಕ್ಕುಂಟು. ಹನ್ನೆರಡನೆಯ ಶತಮಾನದಲ್ಲಿ ಶ್ರೀ ರಾಮಾನುಜಾಚಾರ್ಯರು ಇಲ್ಲಿ ಹಲವು ವರ್ಷ ನೆಲಸಿದ್ದರೆಂದು ಸಂಪ್ರದಾಯ ಹೇಳುತ್ತದೆ. ಕೆಳಗೆ ಚೆಲುವನಾರಾಯಣಸ್ವಾಮಿಯ ಗುಡಿ, ಮೇಲೆ ಬೆಟ್ಟದ ನೆತ್ತಿಯಲ್ಲಿ ಯೋಗನರಸಿಂಹ, ನಡುವೆ ಕಲ್ಯಾಣಿ. ಫಾಲ್ಗುಣದ ವೈರಮುಡಿ ಉತ್ಸವದ ರಾತ್ರಿ ಇಲ್ಲಿ ಕಾಲಿಡಲು ಸ್ಥಳವಿರುವುದಿಲ್ಲ. ಜನ ಸೇರಿದ ಕಡೆ ವ್ಯಾಪಾರ ಸೇರುವುದು ಸಹಜ. ಆದರೆ ಈ ಊರಿನ ವ್ಯಾಪಾರ ಬರಿಯ ಜಾತ್ರೆಯ ವ್ಯಾಪಾರವಾಗಿರಲಿಲ್ಲ.

ಬಿ. ಎಲ್. ರೈಸ್ ಅವರು ಹತ್ತೊಂಬತ್ತನೆಯ ಶತಮಾನದಲ್ಲಿ ರಚಿಸಿದ ಮೈಸೂರು ಗೆಜೆಟಿಯರಿನಲ್ಲಿ ಮೇಲುಕೋಟೆಯ ಸರಕುಗಳ ಪ್ರಸ್ತಾಪವಿದೆ. ಮೂರು ವಸ್ತುಗಳನ್ನು ಅವರು ಎತ್ತಿ ಹೇಳುತ್ತಾರೆ: ಒಳ್ಳೆಯ ದರ್ಜೆಯ ಬಟ್ಟೆ, ಲಾವಂಚದ ಬೇರಿನಿಂದ ಮಾಡಿದ ಸೊಗಸಾದ ಬೀಸಣಿಗೆ, ಮತ್ತು ನಾಮದ ಬಿಳಿಯ ಮಣ್ಣು. ಈ ಮಣ್ಣು ದೂರದ ಕಾಶಿಯವರೆಗೂ ಹೋಗುತ್ತಿತ್ತಂತೆ. ಇಂದು ನಾವು ಮೇಲುಕೋಟೆಯೆಂದ ಕೂಡಲೇ ನೆನೆಯುವ ಪುಳಿಯೋಗರೆ ಈ ಮೂರರಲ್ಲಿ ಇಲ್ಲ. ಆಗ ಅದು ಗುಡಿಯ ಪ್ರಸಾದ, ಮನೆಯ ಅಡುಗೆ; ಪೊಟ್ಟಣ ಕಟ್ಟಿ ಮಾರುವ ಸರಕಾದದ್ದು ಈಚೆಗೆ. ಕೊಳ್ಳುವವರು ಈ ಹಳೆಯ ಪಟ್ಟಿಯನ್ನೂ ಹೊಸದನ್ನೂ ಎದುರಿಗಿಟ್ಟುಕೊಳ್ಳುವುದು ಒಳ್ಳೆಯದು.

ಮೊದಲು ಮಣ್ಣಿನ ಮಾತು. ಗರುಡನು ಶ್ವೇತದ್ವೀಪದಿಂದ ತಂದ ಮಣ್ಣು ಇದೆಂದು ಸ್ಥಳಪುರಾಣ. ರಾಮಾನುಜರಿಗೆ ತಿರುಮಣ್ಣು ತೀರಿಹೋಗಿ, ಅದು ದೊರೆಯುವ ಎಡೆಯನ್ನು ಸ್ವಾಮಿಯೇ ಕನಸಿನಲ್ಲಿ ತೋರಿದನೆಂಬುದು ಗುರುಪರಂಪರೆಯ ಕಥೆ. ಕಥೆ ಹೇಗೇ ಇರಲಿ, ನಯವಾದ ಬಿಳಿಯ ಜೇಡಿಯನ್ನು ನೀರಿನಲ್ಲಿ ಕದಡಿ, ಮರಳು ತಳಕ್ಕಿಳಿದ ಮೇಲೆ ತಿಳಿಯನ್ನು ಬಸಿದು, ಕೆನೆಯಂತೆ ಉಳಿದುದನ್ನು ಒಣಗಿಸಿ ಕಟ್ಟಿಗಳಾಗಿ ಮಾಡುವ ಕೆಲಸದಲ್ಲಿ ಬಹಳ ತಾಳ್ಮೆ ಬೇಕು. ಬೆರಳ ನಡುವೆ ಉಜ್ಜಿದಾಗ ಮರಳಿನ ತರಿ ಸಿಕ್ಕಬಾರದು. ನೀರಿನಲ್ಲಿ ತೇದರೆ ಗಂಟಿಲ್ಲದೆ ಕರಗಬೇಕು. ಆದರೆ ಒಂದು ಎಚ್ಚರಿಕೆ. ನಾಮದ ಕಟ್ಟಿಗಳನ್ನು ಬೇರೆ ಕಡೆಯೂ ತಯಾರಿಸುತ್ತಾರೆ. ತಮಿಳುನಾಡಿನ ತಿರುವಣ್ಣಾಮಲೈ ಜಿಲ್ಲೆಯ ಜಡೇರಿ ಎಂಬ ಹಳ್ಳಿಯ ನಾಮಕಟ್ಟಿಗೆ 2023ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆಯಿತು. ಆದ್ದರಿಂದ ಮೇಲುಕೋಟೆಯ ಅಂಗಡಿಯಲ್ಲಿದ್ದ ಮಾತ್ರಕ್ಕೆ ಅದು ಮೇಲುಕೋಟೆಯ ಮಣ್ಣೇ ಎಂದು ತಿಳಿಯದೆ, ಎಲ್ಲಿಯದೆಂದು ಕೇಳಬೇಕು.

ನಾಮದ ನಡುವಿನ ಗೆರೆಗೆ ಬೇಕಾದ ಶ್ರೀಚೂರ್ಣವೂ ಅಲ್ಲಿಯೇ ಪಕ್ಕದಲ್ಲಿ ದೊರೆಯುತ್ತದೆ. ಅರಿಸಿನಕ್ಕೆ ಸುಣ್ಣದಂಥ ಕ್ಷಾರ ಕೂಡಿದಾಗ ಅದು ಕೆಂಪಾಗುತ್ತದೆ. ಹಳೆಯ ಪದ್ಧತಿಯ ಶ್ರೀಚೂರ್ಣವೂ ಕುಂಕುಮವೂ ಈ ಗುಣದಿಂದ ಹುಟ್ಟಿದವು. ಚಿಟಿಕೆ ಪುಡಿಯ ಮೇಲೆ ನಿಂಬೆಯ ರಸದ ಒಂದು ಹನಿ ಬಿಟ್ಟರೆ ಅರಿಸಿನದ ಕೆಂಪು ಮತ್ತೆ ಹಳದಿಗೆ ತಿರುಗುತ್ತದೆ. ಬರಿಯ ಬಣ್ಣ ಕಲಸಿದ ಪುಡಿ ಹಾಗೆ ತಿರುಗುವುದಿಲ್ಲ. ಹಣೆಗೆ ಹಚ್ಚುವ ವಸ್ತುವಾದ್ದರಿಂದ ಈ ಸಣ್ಣ ಪರೀಕ್ಷೆಯನ್ನು ಉದಾಸೀನ ಮಾಡಬಾರದು.

ಎರಡನೆಯದು ಬಟ್ಟೆ. ಮಡಿಯ ಪಂಚೆ, ಉತ್ತರೀಯಗಳಿಗೆ ಬೇಡಿಕೆಯಿದ್ದ ಕ್ಷೇತ್ರದಲ್ಲಿ ಮಗ್ಗ ಬಾಳಿದ್ದು ಆಶ್ಚರ್ಯವಲ್ಲ. ಗಿರಣಿಯ ಬಟ್ಟೆ ಅಗ್ಗವಾದ ಮೇಲೆ ನಾಡಿನ ಎಲ್ಲೆಡೆಯಂತೆ ಇಲ್ಲಿಯೂ ಕೈಮಗ್ಗಕ್ಕೆ ಕಷ್ಟಕಾಲ ಬಂತು. ಈ ಸಂದರ್ಭದಲ್ಲಿ ನೆನೆಯಬೇಕಾದ ಒಂದು ಸಂಸ್ಥೆ ಜನಪದ ಸೇವಾ ಟ್ರಸ್ಟ್. ಜಯಪ್ರಕಾಶ ನಾರಾಯಣರ ಒಡನಾಟದಲ್ಲಿದ್ದ ಸರ್ವೋದಯ ಕಾರ್ಯಕರ್ತ ಸುರೇಂದ್ರ ಕೌಲಗಿಯವರು 1960ರಲ್ಲಿ ಇದನ್ನು ಮೇಲುಕೋಟೆಯಲ್ಲಿ ಸ್ಥಾಪಿಸಿದರು. ಮಕ್ಕಳ ಪಾಲನೆ, ಗ್ರಾಮಸೇವೆಗಳ ಜೊತೆಗೆ ಖಾದಿ ಮತ್ತು ಕೈಮಗ್ಗದ ನೇಯ್ಗೆಯನ್ನೂ ಸಸ್ಯಮೂಲದ ಬಣ್ಣಗಾರಿಕೆಯನ್ನೂ ಈ ಸಂಸ್ಥೆ ಬೆಳೆಸಿತು. ದೇವರ ದರ್ಶನಕ್ಕೆಂದು ಬಂದವರು ಒಂದು ಗಳಿಗೆ ಮಗ್ಗದ ಮುಂದೆಯೂ ನಿಂತು ನೋಡಬಹುದಾದ ಊರು ಇದು.

ಕೈಮಗ್ಗದ ಬಟ್ಟೆಯನ್ನು ಗುರುತಿಸುವುದು ಹೇಗೆ? ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದರೆ ಎಳೆಗಳ ಸಾಂದ್ರತೆ ಅಲ್ಲಲ್ಲಿ ಕೊಂಚ ಹೆಚ್ಚುಕಡಮೆಯಾಗಿರುತ್ತದೆ; ಹೊಕ್ಕಿನ ನೂಲನ್ನು ಕೈಯಿಂದ ಬಡಿದುದರ ಗುರುತು ಅದು. ನೇಯುವಾಗ ಬಟ್ಟೆಯ ಅಗಲ ಕುಗ್ಗದಂತೆ ಎಳೆದು ಹಿಡಿಯಲು ಅಡ್ಡ ಕೋಲೊಂದನ್ನು ಸಿಕ್ಕಿಸುತ್ತಾರೆ. ಅದರ ಮೊನೆಗಳು ಊರಿದ ಸಣ್ಣ ತೂತುಗಳು ಎರಡೂ ಅಂಚಿನಲ್ಲಿ ಕಾಣಬಹುದು. ಖಾದಿಯಾದರೆ ನೂಲೂ ಕೈಯಿಂದ ತೆಗೆದದ್ದು. ಆದುದರಿಂದ ಎಳೆಯ ದಪ್ಪ ಒಂದೇ ಸಮನಾಗಿರುವುದಿಲ್ಲ. ಇವು ದೋಷಗಳಲ್ಲ. ಅಳಲೆಕಾಯಿ, ದಾಳಿಂಬೆಯ ಸಿಪ್ಪೆ, ನೀಲಿ ಮುಂತಾದ ಗಿಡಮೂಲದ ಬಣ್ಣ ಹಾಕಿದ ಬಟ್ಟೆಯನ್ನು ಮೊದಲು ತಣ್ಣೀರಿನಲ್ಲಿ ಬೇರೆಯಾಗಿ ಒಗೆದು ನೆರಳಿನಲ್ಲಿ ಒಣಗಿಸಬೇಕು. ಬೆಲೆ ಕೇಳಿ ಹುಬ್ಬೇರಿಸುವ ಮುನ್ನ, ಒಂದು ಪಂಚೆಗೆ ನೂಲು ಸುತ್ತಿ, ಹಾಸು ಹೂಡಿ, ನೇಯ್ದು ಮುಗಿಸುವವರೆಗೆ ಎಷ್ಟು ಕೈ ದುಡಿದಿವೆಯೆಂದು ಎಣಿಸಬೇಕು. ಗಿರಣಿಯ ಬಟ್ಟೆಯ ಬೆಲೆಗೆ ಮಗ್ಗದ ಬಟ್ಟೆಯನ್ನು ಚೌಕಾಸಿ ಮಾಡುವವರು ಕೇಳುತ್ತಿರುವುದು ನೇಕಾರನ ಕೂಲಿಯಲ್ಲಿ ರಿಯಾಯಿತಿಯನ್ನು.

ಮೂರನೆಯದಾದ ಲಾವಂಚದ ಬೀಸಣಿಗೆ ಹುಡುಕಿದರೆ ಸಿಕ್ಕೀತು, ಸಿಕ್ಕದೆಯೂ ಹೋದೀತು. ವಿದ್ಯುತ್ ಪಂಖ ಬಂದ ಮೇಲೆ ಬೀಸಣಿಗೆಯನ್ನು ಕೇಳುವವರು ಕಡಮೆಯಾದರು. ಸಿಕ್ಕಿದರೆ ಬಿಡಬೇಡಿ. ನೀರು ಚಿಮುಕಿಸಿ ಬೀಸಿದರೆ ಬೇಸಗೆಯ ಮೊದಲ ಮಳೆಯನ್ನು ನೆನಪಿಸುವ ಕಂಪು ಕೋಣೆಯನ್ನೆಲ್ಲ ತುಂಬುತ್ತದೆ. ಒಣಗಿ ಗಂಧ ಕುಂದಿದಂತೆ ಕಂಡರೂ ಮತ್ತೆ ನೀರು ತಾಗಿದಾಗ ಅದು ಮರಳುತ್ತದೆ.

ಇನ್ನು ಪುಳಿಯೋಗರೆ. ಈ ಹೆಸರೇ ಒಂದು ಸಣ್ಣ ಭಾಷಾಪಾಠ. ಹಳಗನ್ನಡದ ಪಕಾರ ಮುಂದೆ ಹಕಾರವಾದದ್ದನ್ನು ನಾವು ಬಲ್ಲೆವು. ಪಾಲು ಹಾಲಾಯಿತು, ಪುಲಿ ಹುಲಿಯಾಯಿತು, ಪುಳಿ ಹುಳಿಯಾಯಿತು. ನಮ್ಮ ಸಾರಿನ ಪಾತ್ರೆಯಲ್ಲಿ ಹುಳಿಯಾದದ್ದು ಈ ಅನ್ನದಲ್ಲಿ ಮಾತ್ರ ಪುಳಿಯಾಗಿಯೇ ಉಳಿಯಿತು. ತಮಿಳಿನ ನಂಟು ಬಿಡದ ಶ್ರೀವೈಷ್ಣವರ ಮನೆಮಾತು ಅದಕ್ಕೆ ಕಾರಣವಿರಬೇಕು. ಓಗರವೆಂದರೆ ಅನ್ನ, ಊಟ. ವಚನಗಳನ್ನು ಓದಿದವರಿಗೆ ಇದು ಪರಿಚಿತ ಪದವೇ.

ಕೊಳ್ಳುವಾಗ ತಿಳಿಯಬೇಕಾದದ್ದು ಗೊಜ್ಜಿನ ಮರ್ಮ. ಹುಣಸೆಯ ರಸವನ್ನು ಬೆಲ್ಲ, ಉಪ್ಪು, ಎಣ್ಣೆಗಳೊಂದಿಗೆ ನೀರಿನಂಶ ಇಂಗುವವರೆಗೆ ಕುದಿಸುತ್ತಾರೆ. ಹುಳಿ, ಉಪ್ಪು, ನೀರಿನ ಅಭಾವ, ಮೇಲೆ ತೇಲಿ ಮುಚ್ಚುವ ಎಣ್ಣೆ, ಈ ನಾಲ್ಕೂ ಸೇರಿ ಗೊಜ್ಜನ್ನು ಕೆಡದಂತೆ ಕಾಯುತ್ತವೆ. ಸರಿಯಾಗಿ ಕುದಿದ ಗೊಜ್ಜು ಕಪ್ಪುಗೆಂಪಾಗಿ, ಸೌಟಿನಿಂದ ಉಂಡೆಯುಂಡೆಯಾಗಿ ಇಳಿಯುತ್ತದೆ. ನೀರು ಒಸರುತ್ತಿದ್ದರೆ ಕೊಳ್ಳಬಾರದು. ಮೆಣಸಿನಕಾಯಿ, ಕೊತ್ತಂಬರಿ ಬೀಜ, ಮೆಂತ್ಯ, ಕಾಳುಮೆಣಸು, ಎಳ್ಳು, ಕೊಬ್ಬರಿಗಳನ್ನು ಹುರಿದು ಮಾಡಿದ ಪುಡಿಯ ವಿಷಯ ಬೇರೆ. ಎಳ್ಳು, ಕೊಬ್ಬರಿಗಳ ಎಣ್ಣೆ ಬೇಗ ಕಮಟಾಗುತ್ತದೆ; ಹುರಿದ ಪರಿಮಳವೂ ದಿನ ಕಳೆದಂತೆ ಹಾರಿಹೋಗುತ್ತದೆ. ಆದ್ದರಿಂದ ಗೊಜ್ಜನ್ನು ಹೆಚ್ಚಾಗಿ ತಂದರೂ ಪುಡಿಯನ್ನು ಒಂದು ತಿಂಗಳಿಗೆ ಸಾಕಾಗುವಷ್ಟೇ ತರುವುದು ಜಾಣತನ. ಪೊಟ್ಟಣದ ಮೇಲೆ ಪದಾರ್ಥಗಳ ಹೆಸರನ್ನು ತೂಕ ಹೆಚ್ಚಿರುವುದರಿಂದ ಕಡಮೆಯಿರುವುದರ ಕಡೆಗೆ ಬರೆಯಬೇಕೆಂಬುದು ನಿಯಮ. ಗೊಜ್ಜಿನ ಪಟ್ಟಿಯಲ್ಲಿ ಹುಣಸೆ ಹಿಂದೆ ಬಿದ್ದು ಉಪ್ಪೋ ಸಕ್ಕರೆಯೋ ಮೊದಲು ನಿಂತಿದ್ದರೆ ಅದನ್ನು ಅಲ್ಲಿಯೇ ಬಿಡಬಹುದು. ತಯಾರಿಸಿದ ದಿನಾಂಕ, ತಯಾರಕರ ವಿಳಾಸಗಳನ್ನೂ ನೋಡಬೇಕು.

ವಿಳಾಸದ ಮಾತು ಬಂದಾಗ ದೂರದ ಒಂದು ದೇಶದ ನೆನಪಾಗುತ್ತದೆ. ಫ್ರಾನ್ಸಿನ ದೊಡ್ಡ ಅಂಗಡಿಗಳಲ್ಲಿ ಸಾಲುಸಾಲಾಗಿ ಜೋಡಿಸಿದ ಗಿಣ್ಣಿನಂಥ ಚೀಸುಗಳ ನಡುವೆ ರೋಕ್‌ಫೋರ್ ಎಂಬುದೊಂದಿದೆ. ಅದು ಒಂದು ಹಳ್ಳಿಯ ಹೆಸರು. ಆ ಹಳ್ಳಿಯ ಗುಹೆಗಳಲ್ಲಿ ಹದವಾಗದ ಚೀಸಿಗೆ ಆ ಹೆಸರನ್ನು ಇಡುವಂತಿಲ್ಲ. 1925ರಷ್ಟು ಹಿಂದೆಯೇ ಫ್ರೆಂಚರು ಇದರ ಹೆಸರಿಗೆ ಕಾನೂನಿನ ಕಾವಲಿಟ್ಟರು. ನಮ್ಮಲ್ಲಿ ಭೌಗೋಳಿಕ ಸೂಚಕಗಳ ಕಾಯಿದೆ 1999ರಲ್ಲಿ ಬಂದಿತು. ಚನ್ನಪಟ್ಟಣದ ಗೊಂಬೆ, ನಂಜನಗೂಡಿನ ರಸಬಾಳೆ, ಇಳಕಲ್ ಸೀರೆಗಳು ಅದರ ಆಶ್ರಯ ಪಡೆದವು. ಆದರೆ ಕಾನೂನು ಎಲ್ಲ ಅಡುಗೆಮನೆಗಳ ಬಾಗಿಲನ್ನೂ ಕಾಯಲಾರದು. ಮೇಲುಕೋಟೆಯ ಹೆಸರು ಹೊತ್ತ ಪೊಟ್ಟಣವನ್ನು ಎಲ್ಲಿ ತುಂಬಿದರೆಂದು ವಿಚಾರಿಸುವ ಹೊಣೆ ಕೊಳ್ಳುವವನದೇ.

ಬೆಟ್ಟ ಇಳಿದ ಮೇಲೂ ಕೊಳ್ಳುವುದು ಒಂದಿದೆ. ಕೃಷ್ಣರಾಜಸಾಗರದ ನಾಲೆಗಳು ಹರಿದ ಮೇಲೆ, 1930ರ ದಶಕದಿಂದೀಚೆಗೆ, ಮಂಡ್ಯದ ಸೀಮೆ ಕಬ್ಬಿನ ಸೀಮೆಯಾಯಿತು. ಆಲೆಮನೆಯ ಬೆಲ್ಲವನ್ನು ಕೊಳ್ಳುವಾಗ ಹೊಳೆಯುವ ಹಳದಿಗೆ ಮರುಳಾಗಬಾರದು. ಆ ಹೊಳಪು ಹಲವು ವೇಳೆ ಹೈಡ್ರೋಸ್ ಎಂಬ ರಾಸಾಯನಿಕದ ಕೊಡುಗೆ. ಕಂದುಬಣ್ಣದ, ಕೊಂಚ ಮೆತ್ತಗಿರುವ ಬೆಲ್ಲವೇ ಗೊಜ್ಜಿಗೂ ಸಕ್ಕರೆ ಪೊಂಗಲಿಗೂ ಒಪ್ಪುತ್ತದೆ.

ಸಾಹಿತ್ಯಾಸಕ್ತರು ಚೀಲದಲ್ಲಿ ಒಂದು ಪುಸ್ತಕಕ್ಕೂ ಎಡೆ ಇಟ್ಟುಕೊಳ್ಳಬೇಕು. ಮೇಲುಕೋಟೆ ಪು. ತಿ. ನರಸಿಂಹಾಚಾರ್ಯರು 1905ರಲ್ಲಿ ಹುಟ್ಟಿದ ಊರು; ಅವರ ಮನೆ ಅಲ್ಲಿ ಸ್ಮಾರಕವಾಗಿ ಉಳಿದಿದೆ. ಸಂಸ್ಕೃತ ಸಂಶೋಧನ ಸಂಸತ್ತು ಹಸ್ತಪ್ರತಿಗಳ ಸಂಗ್ರಹ, ಗ್ರಂಥ ಪ್ರಕಟಣೆಗಳಿಗೆ ಹೆಸರಾದ ಸಂಸ್ಥೆ. ಪು.ತಿ.ನ. ಅವರ ‘ಗೋಕುಲ ನಿರ್ಗಮನ’ವನ್ನು ಯಾವ ಪಟ್ಟಣದಲ್ಲಿಯೂ ಕೊಳ್ಳಬಹುದು, ನಿಜ. ಆದರೆ ಆ ಬೆಟ್ಟದ ಗಾಳಿ ಬೆಳಕುಗಳಲ್ಲಿ ಅದರ ಮೊದಲ ಪುಟಗಳನ್ನು ತಿರುವಿಹಾಕುವ ಅನುಭವ ಬೇರೆ.

ವೈರಮುಡಿಯ ಜನಜಂಗುಳಿಯಲ್ಲಿ ಆರಿಸಿ ಕೊಳ್ಳಲು ವ್ಯವಧಾನವಿರುವುದಿಲ್ಲ. ಜಾತ್ರೆಯಿಲ್ಲದ ದಿನ ಹೋದರೆ ಅಂಗಡಿಯವರಿಗೂ ಮಾತನಾಡಲು ಬಿಡುವಿರುತ್ತದೆ. ಆಗ ಮೂರು ಪ್ರಶ್ನೆ ಕೇಳಿ: ಇದು ಎಲ್ಲಿಯದು? ಯಾರು ಮಾಡಿದರು? ಯಾವಾಗ ಮಾಡಿದರು? ಉತ್ತರ ತಡೆಯಿಲ್ಲದೆ ಬಂದರೆ ಕೊಳ್ಳಿ. ಗೆಜೆಟಿಯರ್ ಹೇಳಿದ ಮೂರು ಸರಕುಗಳಲ್ಲಿ ಬೀಸಣಿಗೆ ಹಿಂದೆ ಸರಿದದ್ದು ಮಾಡುವ ಕೈ ಸೋತದ್ದರಿಂದಲ್ಲ, ಕೇಳುವವರು ಇಲ್ಲವಾದುದರಿಂದ. ಮಗ್ಗದ ವಿಷಯದಲ್ಲಿ ಆ ಮಾತನ್ನು ನಾವು ಇನ್ನೂ ಆಡಬೇಕಾಗಿ ಬಂದಿಲ್ಲ. ಒಂದು ಡಬ್ಬಿ ಗೊಜ್ಜು, ಎರಡು ನಾಮದ ಕಟ್ಟಿ, ಒಂದು ಕೈಮಗ್ಗದ ಪಂಚೆ, ಒಂದು ಪುಸ್ತಕ; ಇಷ್ಟು ತಂದರೆ ಚೀಲವೂ ಭಾರವಾಗದು, ಊರಿಗೂ ಉಪಕಾರವಾದೀತು.