ಕಾಗದದ ಕವಚ, ಗಣಿತದ ಕತ್ತರಿ

ಕಾಗದದ ಹಾಳೆ ಚಪ್ಪಟೆಯಾದ ವಸ್ತು. ಮನುಷ್ಯನ ತಲೆ ಉರುಟಾದ ವಸ್ತು. ಚಪ್ಪಟೆಯಾದುದನ್ನು ಉರುಟಾದುದರ ಮೇಲೆ ಸುಕ್ಕು ಬೀಳದಂತೆ ಹೊದಿಸಬಹುದೆ? ಅಂಗಿ ಹೊಲಿಯುವ ದರ್ಜಿ, ಪಾದರಕ್ಷೆ ಮಾಡುವ ಕುಶಲಿ, ಭೂಮಿಯ ನಕ್ಷೆಯನ್ನು ಬರೆಯುವ ಭೂಗೋಳಜ್ಞ, ಇವರೆಲ್ಲರೂ ತಮ್ಮ ತಮ್ಮ ರೀತಿಯಲ್ಲಿ ಎದುರಿಸಿದ ಪ್ರಶ್ನೆಯಿದು. ಈಚಿನ ದಶಕಗಳಲ್ಲಿ ಇದೇ ಪ್ರಶ್ನೆ ಹೊಸದೊಂದು ವರ್ಗದವರ ಮುಂದೆಯೂ ನಿಂತಿದೆ. ವೀಡಿಯೊ ಆಟಗಳ ಪರದೆಯ ಮೇಲೆ ಮೆರೆಯುವ ಯೋಧರ ಕವಚಗಳನ್ನು ಕಾಗದದಿಂದ ನಿರ್ಮಿಸಿ ಮೈಮೇಲೆ ಧರಿಸುವ ಹವ್ಯಾಸಿಗಳ ವರ್ಗವದು. ಅವರ ಕೆಲಸ ಮೇಲುನೋಟಕ್ಕೆ ಮಕ್ಕಳಾಟದಂತೆ ತೋರಬಹುದು. ಒಳಹೊಕ್ಕು ನೋಡಿದರೆ ಅಲ್ಲಿ ಸುಮಾರು ಇನ್ನೂರು ವರ್ಷಗಳ ಹಿಂದಿನ ಒಂದು ಮಹತ್ತಾದ ಗಣಿತ ಪ್ರಮೇಯವೂ, ಇಂದಿಗೂ ಯಾರೂ ಬಗೆಹರಿಸದಿರುವ ಒಂದು ಸಮಸ್ಯೆಯೂ, ಅಲಕ್ಷಿಸಿದರೆ ಕಣ್ಣನ್ನೇ ಕಳೆಯಬಲ್ಲ ರಸಾಯನ ಕ್ರಿಯೆಯೊಂದೂ ಅಡಗಿರುವುದು ಕಂಡುಬರುತ್ತದೆ. ಇವುಗಳನ್ನು ಒಂದೊಂದಾಗಿ ಪರಿಶೀಲಿಸೋಣ.

ಪರದೆಯಿಂದ ಕಾಗದಕ್ಕೆ

2001ರಲ್ಲಿ ಅಮೆರಿಕದಲ್ಲಿ ‘ಹೇಲೋ’ ಎಂಬ ವೀಡಿಯೊ ಆಟ ಬಿಡುಗಡೆಯಾಯಿತು. ಅದರ ನಾಯಕನಾದ ಮಾಸ್ಟರ್ ಚೀಫ್ ಎಂಬ ಯೋಧನು ಕವಚ ಧರಿಸಿದಾಗ ಸುಮಾರು 7 ಅಡಿ ಎತ್ತರದವನು. ಹಸಿರು ಬಣ್ಣದ ಕವಚವೂ ಹೊಂಬಣ್ಣದ ಮುಖಪಟ್ಟಿಯುಳ್ಳ ಶಿರಸ್ತ್ರಾಣವೂ ಅವನ ಗುರುತು. ಆಟವನ್ನು ಮೆಚ್ಚಿದ ತರುಣರಿಗೆ ಆ ಕವಚವನ್ನು ತಾವೂ ತೊಡಬೇಕೆಂಬ ಆಸೆ ಹುಟ್ಟಿದುದು ಸಹಜವೇ. ಆದರೆ ಲೋಹವನ್ನು ಬಡಿದು ಬಾಗಿಸುವ ವಿದ್ಯೆಯಾಗಲಿ, ಅಚ್ಚುಗಳನ್ನು ಎರಕ ಹೊಯ್ಯುವ ಸೌಕರ್ಯವಾಗಲಿ ಎಲ್ಲರಿಗೂ ಇರುವುದಿಲ್ಲ. ಅವರಿಗೆ ದಾರಿ ತೋರಿಸಿದುದು ಕಾಗದ.

ಇದು ಸಾಧ್ಯವಾದುದಕ್ಕೆ ಒಂದು ಕಾರಣವುಂಟು. ಪರದೆಯ ಮೇಲಿನ ಯೋಧನ ಮೈ ನುಣುಪಾಗಿ ಕಂಡರೂ ಕಂಪ್ಯೂಟರಿನ ಲೆಕ್ಕದಲ್ಲಿ ಅದು ನುಣುಪಲ್ಲ. ಚಿಕ್ಕ ಚಿಕ್ಕ ತ್ರಿಕೋನಗಳನ್ನು ಅಂಚಿಗೆ ಅಂಚು ಸೇರಿಸಿ ಕಟ್ಟಿದ ಬಲೆ. ಬಾಗಿದ ಮೇಲ್ಮೈಗಿಂತ ಸಮತಲದ ತ್ರಿಕೋನವನ್ನು ಗಣಿಸುವುದು ಯಂತ್ರಕ್ಕೆ ಬಹಳ ಸುಲಭವಾದುದರಿಂದ ಆಟದ ರಚನಕಾರರು ಈ ಉಪಾಯವನ್ನು ಅವಲಂಬಿಸುತ್ತಾರೆ. ತ್ರಿಕೋನ ಚಪ್ಪಟೆ, ಕಾಗದವೂ ಚಪ್ಪಟೆ. ಹೀಗೆ ಯಂತ್ರದ ಅನುಕೂಲಕ್ಕಾಗಿ ಮಾಡಿದ ಏರ್ಪಾಡು ಕತ್ತರಿ ಹಿಡಿದವನಿಗೂ ವರವಾಗಿ ಪರಿಣಮಿಸಿತು.

ಬಲೆಯನ್ನು ಬಿಡಿಸಿ ಹಾಳೆಯ ಮೇಲೆ ಹಾಸುವ ತಂತ್ರಾಂಶವನ್ನು ಜಪಾನಿನ ತಾಮಾ ಸಾಫ್ಟ್‌ವೇರ್ ಸಂಸ್ಥೆಯು ಸಿದ್ಧಪಡಿಸಿತು. ಅದರ ಹೆಸರು ‘ಪೆಪಕುರ ಡಿಸೈನರ್’. ‘ಪೇಪರ್ ಕ್ರಾಫ್ಟ್’ ಎಂಬ ಇಂಗ್ಲಿಷ್ ಮಾತು ಜಪಾನೀಯರ ನಾಲಗೆಯಲ್ಲಿ ಸವೆದು ‘ಪೆಪಕುರ’ ಆಗಿದೆ. ಈ ತಂತ್ರಾಂಶವು ಕತ್ತರಿಸಬೇಕಾದ ಅಂಚುಗಳನ್ನು ಅಖಂಡ ಗೆರೆಗಳಿಂದಲೂ, ಹೊರಕ್ಕೆ ಹಾಗೂ ಒಳಕ್ಕೆ ಮಡಿಸಬೇಕಾದ ಅಂಚುಗಳನ್ನು ಎರಡು ಬಗೆಯ ತುಂಡುಗೆರೆಗಳಿಂದಲೂ ಸೂಚಿಸುತ್ತದೆ. ಅಂಟು ಹಚ್ಚಲು ಪಟ್ಟಿಗಳನ್ನು ಬಿಟ್ಟು, ಯಾವ ಅಂಚು ಯಾವುದಕ್ಕೆ ಸೇರಬೇಕೆಂಬುದನ್ನು ಅಂಕಿಗಳಿಂದ ತಿಳಿಸುತ್ತದೆ.

ಕಡಲೆಕಾಯಿಯ ಪೊಟ್ಟಣ, ಕಿತ್ತಳೆಯ ಸಿಪ್ಪೆ

ಇಷ್ಟೆಲ್ಲ ತ್ರಿಕೋನಗಳು ಏತಕ್ಕೆ? ಹಾಳೆಯನ್ನು ಹಾಗೆಯೇ ತಲೆಯ ಆಕಾರಕ್ಕೆ ಬಾಗಿಸಬಾರದೆ? ಕಡಲೆಕಾಯಿ ಮಾರುವವನು ಹಾಳೆಯನ್ನು ಸುತ್ತಿ ಶಂಕುವಿನ ಆಕಾರದ ಪೊಟ್ಟಣ ಮಾಡುವುದನ್ನು ನಾವೆಲ್ಲರೂ ನೋಡಿದ್ದೇವೆ. ಅಲ್ಲಿ ಕಾಗದ ಹಿಗ್ಗುವುದಿಲ್ಲ, ಕುಗ್ಗುವುದಿಲ್ಲ, ಸುಕ್ಕುಗಟ್ಟುವುದೂ ಇಲ್ಲ. ಆದರೆ ಕಿತ್ತಳೆಯ ಹಣ್ಣಿಗೆ ಕಾಗದ ಸುತ್ತಿ ನೋಡಿದರೆ ಎಷ್ಟು ಎಚ್ಚರಿಕೆ ವಹಿಸಿದರೂ ನೆರಿಗೆ ಬೀಳುತ್ತದೆ. ಸುಲಿದ ಸಿಪ್ಪೆಯನ್ನು ಮೇಜಿನ ಮೇಲಿಟ್ಟು ಒತ್ತಿದರೆ ಅದು ಹರಿಯದೆ ಚಪ್ಪಟೆಯಾಗುವುದಿಲ್ಲ.

ಈ ಭೇದಕ್ಕೆ ಕಾರಣವನ್ನು 1827ರಲ್ಲಿ ಜರ್ಮನಿಯ ಗಣಿತಜ್ಞ ಗೌಸನು ತೋರಿಸಿಕೊಟ್ಟನು. ಪ್ರತಿಯೊಂದು ಮೇಲ್ಮೈಗೂ ಬಿಂದು ಬಿಂದುವಿನಲ್ಲಿ ಒಂದು ವಕ್ರತೆ ಇರುತ್ತದೆ. ಮೇಲ್ಮೈಯನ್ನು ಎಳೆಯದೆ, ಹರಿಯದೆ ಎಷ್ಟು ಬಾಗಿಸಿದರೂ ಆ ವಕ್ರತೆ ಬದಲಾಗುವುದಿಲ್ಲ ಎಂಬುದೇ ಅವನ ಪ್ರಮೇಯದ ಸಾರ. ಹಾಳೆಯ ವಕ್ರತೆ ಸೊನ್ನೆ. ಶಂಕುವಿನ ಇಳಿಜಾರು ಮೈಯ ವಕ್ರತೆಯೂ ಸೊನ್ನೆ. ಆದುದರಿಂದ ಒಂದು ಮತ್ತೊಂದಾಗಬಲ್ಲುದು. ಗೋಳದ ವಕ್ರತೆ ಸೊನ್ನೆಯಲ್ಲ. ಆದುದರಿಂದ ಕಾಗದವು ಎಂದಿಗೂ ಗೋಳವಾಗಲಾರದು. ಕೈಚಳಕದ ಕೊರತೆಯಿಂದಲ್ಲ, ರೇಖಾಗಣಿತದ ನಿಯಮದಿಂದಲೇ ಅದು ಅಸಾಧ್ಯ.

ಅಸಾಧ್ಯವಾದುದನ್ನು ಸಾಧಿಸುವ ಏಕೈಕ ಉಪಾಯವೆಂದರೆ ಕಾಗದವನ್ನು ಕತ್ತರಿಸಿ, ಎಷ್ಟು ಕೋನ ಹೆಚ್ಚಾಗಿದೆಯೋ ಅಷ್ಟನ್ನು ತೆಗೆದುಬಿಡುವುದು. ಇದನ್ನು ವಾಚಕರು ಐದು ನಿಮಿಷಗಳಲ್ಲಿ ಪರೀಕ್ಷಿಸಿ ನೋಡಬಹುದು. ಸಮಭುಜ ತ್ರಿಕೋನಗಳನ್ನು ರಟ್ಟಿನಿಂದ ಕತ್ತರಿಸಿಕೊಂಡು ಒಂದು ಬಿಂದುವಿನ ಸುತ್ತ ಆರನ್ನು ಅಂಟಿಸಿದರೆ, ಆರು ಅರುವತ್ತಲ 360 ಡಿಗ್ರಿಯಾಗಿ, ಮೇಲ್ಮೈ ಚಪ್ಪಟೆಯಾಗಿರುತ್ತದೆ. ಐದನ್ನೇ ಅಂಟಿಸಿದರೆ 60 ಡಿಗ್ರಿ ಕೊರತೆಯಾಗಿ ಅದು ಟೋಪಿಯಂತೆ ಉಬ್ಬುತ್ತದೆ. ಏಳನ್ನು ಸೇರಿಸಿದರೆ 60 ಡಿಗ್ರಿ ಮಿಗುತೆಯಾಗಿ, ಒಂದು ದಿಕ್ಕಿನಲ್ಲಿ ಮೇಲಕ್ಕೂ ಮತ್ತೊಂದು ದಿಕ್ಕಿನಲ್ಲಿ ಕೆಳಕ್ಕೂ ಬಾಗಿ ಕುದುರೆಯ ಜೀನಿನಂತಾಗುತ್ತದೆ. ಶಿರಸ್ತ್ರಾಣದ ನೆತ್ತಿಯು ಮೊದಲನೆಯ ಜಾತಿಯದು. ಹುಬ್ಬಿನ ಅಂಚು ಕೆನ್ನೆಯ ಕಡೆಗೆ ತಿರುಗುವ ತಗ್ಗು ಎರಡನೆಯ ಜಾತಿಯದು.

ಇನ್ನೂ ಸೋಜಿಗದ ಸಂಗತಿಯೆಂದರೆ, ಈ ಕೊರತೆಗಳ ಒಟ್ಟು ಮೊತ್ತ ಮೊದಲೇ ನಿಶ್ಚಿತವಾಗಿದೆ. ಘನದ ಪ್ರತಿ ಮೂಲೆಯಲ್ಲಿ ಮೂರು ಲಂಬಕೋನಗಳು ಸೇರಿ 270 ಡಿಗ್ರಿಯಾಗುವುದರಿಂದ ಕೊರತೆ 90. ಎಂಟು ಮೂಲೆಗಳಿಗೆ 720. ನಾಲ್ಕು ಸಮಭುಜ ತ್ರಿಕೋನಗಳ ಘನಾಕೃತಿಯಲ್ಲಿ ಪ್ರತಿ ಮೂಲೆಯ ಕೊರತೆ 180. ನಾಲ್ಕು ಮೂಲೆಗಳಿಗೆ 720. ಇಪ್ಪತ್ತು ತ್ರಿಕೋನಗಳ ಘನಾಕೃತಿಯಲ್ಲಿ ಮೂಲೆಗಳು ಹನ್ನೆರಡು, ಪ್ರತಿಯೊಂದರ ಕೊರತೆ 60, ಮತ್ತೆ 720! ಗೋಳದಂತೆ ಮುಚ್ಚಿದ ಯಾವ ಬಹುಮುಖ ಘನಾಕೃತಿಗೂ ಇದೇ ಮೊತ್ತವೆಂಬುದನ್ನು 17ನೆಯ ಶತಮಾನದಲ್ಲಿಯೇ ಫ್ರಾನ್ಸಿನ ದೆಕಾರ್ತ್ ಕಂಡುಕೊಂಡಿದ್ದನು. ಗೋಳದ ಅರ್ಧದಂತಿರುವ ಟೋಪಿಗೆ ಇದರ ಅರ್ಧ, ಎಂದರೆ 360 ಡಿಗ್ರಿ ಸಲ್ಲುತ್ತದೆ. ತ್ರಿಕೋನಗಳು ಇಪ್ಪತ್ತಿರಲಿ, ಎರಡು ಸಾವಿರವಿರಲಿ, ಕತ್ತರಿ ತೆಗೆಯಬೇಕಾದ ಕೋನದ ಮೊತ್ತ ಒಂದೇ. ತ್ರಿಕೋನಗಳು ಹೆಚ್ಚಿದಂತೆ ಆ ಕೊರತೆ ಅನೇಕ ಮೂಲೆಗಳಿಗೆ ಹಂಚಿಹೋಗುವುದರಿಂದ ಮೇಲ್ಮೈ ನುಣುಪಾಗಿ ಕಾಣುತ್ತದೆ. ಅದಕ್ಕೆ ತಕ್ಕಂತೆ ಅಂಟಿಸುವ ಶ್ರಮವೂ ಹೆಚ್ಚುತ್ತದೆ.

ಎಲ್ಲಿ ಕತ್ತರಿಸಬೇಕು?

ಘನಾಕೃತಿಯನ್ನು ಅಂಚುಗಳ ಗುಂಟ ಸೀಳಿ ಹಾಳೆಯ ಮೇಲೆ ಬಿಡಿಸುವ ಪದ್ಧತಿಯನ್ನು ಜರ್ಮನಿಯ ಚಿತ್ರಕಾರ ಡ್ಯೂರರನು 1525ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿಯೇ ಚಿತ್ರಿಸಿದ್ದಾನೆ. ಘನಕ್ಕೆ 12 ಅಂಚುಗಳು, 6 ಮುಖಗಳು. ಆರು ಮುಖಗಳು ಒಂದೇ ತುಂಡಾಗಿ ಉಳಿಯಲು 5 ಅಂಚುಗಳು ಸಾಕು. ಉಳಿದ 7ನ್ನು ಸೀಳಬೇಕು. ಹೀಗೆ ಸೀಳುವ ಬಗೆಗಳು 384. ಅವುಗಳಲ್ಲಿ ತಿರುಗಿಸಿದರೆ ಅಥವಾ ಮಗುಚಿದರೆ ಒಂದೇ ಆಗುವುವನ್ನು ಬಿಟ್ಟರೆ ಭಿನ್ನವಾದ ನಮೂನೆಗಳು 11 ಮಾತ್ರ. ಆರು ಮುಖಗಳಿಗೇ ಇಷ್ಟಾದರೆ ಸಾವಿರ ಮುಖಗಳ ಶಿರಸ್ತ್ರಾಣಕ್ಕೆ ಎಷ್ಟು ಬಗೆಗಳಾಗಬಹುದೆಂಬುದನ್ನು ಊಹಿಸಿಕೊಳ್ಳಬಹುದು.

ಎಲ್ಲಿಯೂ ಒಳತಗ್ಗಿಲ್ಲದ ಯಾವ ಬಹುಮುಖ ಘನಾಕೃತಿಯನ್ನಾದರೂ ಅಂಚುಗಳ ಗುಂಟ ಸೀಳಿ, ಭಾಗಗಳು ಒಂದರ ಮೇಲೊಂದು ಬೀಳದಂತೆ ಒಂದೇ ತುಂಡಾಗಿ ಬಿಡಿಸಬಹುದೆ? 1975ರಲ್ಲಿ ಗಣಿತಜ್ಞ ಶೆಪರ್ಡ್ ಈ ಪ್ರಶ್ನೆಗೆ ಖಚಿತವಾದ ರೂಪ ಕೊಟ್ಟರು. ಬಿಡಿಸಬಹುದೆಂದು ಯಾರೂ ಸಾಧಿಸಿಲ್ಲ. ಬಿಡಿಸಲಾಗದ ಒಂದು ಆಕೃತಿಯನ್ನೂ ಯಾರೂ ತೋರಿಸಿಲ್ಲ. ಒಳತಗ್ಗುಳ್ಳ ಆಕೃತಿಗಳಲ್ಲಾದರೋ ಒಂದೇ ತುಂಡಾಗಿ ಬಿಡಿಸಲು ಬಾರದವು ಇವೆಯೆಂದು ಸಿದ್ಧವಾಗಿದೆ. ಯೋಧನ ಕವಚದಲ್ಲಿ ತಗ್ಗುಗಳಿಗೆ ಕೊರತೆಯಿಲ್ಲ. ಆದುದರಿಂದ ಹವ್ಯಾಸಿಗಳು ಒಂದೇ ತುಂಡಿನ ಹಟವನ್ನು ಬಿಟ್ಟು ನಮೂನೆಯನ್ನು ಅನೇಕ ತುಂಡುಗಳಾಗಿ ಒಡೆಯುತ್ತಾರೆ. ತ್ರಿಕೋನಗಳ ಉದ್ದನೆಯ ಪಟ್ಟಿಗಳಿಂದ ನುಣುಪು ಮೇಲ್ಮೈಗೆ ಸಮೀಪವಾದ ಕಾಗದದ ಆಕೃತಿಗಳನ್ನು ಪಡೆಯುವ ವಿಧಾನವನ್ನು 2004ರಲ್ಲಿ ಜಪಾನಿನ ಜುನ್ ಮಿತಾನಿ ಮತ್ತು ಹಿರೋಮಾಸ ಸುಜುಕಿ ಪ್ರಕಟಿಸಿದರು.

ತಲೆಗೆ ತಕ್ಕ ಅಳತೆ

ನಮೂನೆ ಸಿದ್ಧವಾದ ಮಾತ್ರಕ್ಕೆ ಕವಚ ಮೈಗೆ ಹೊಂದುವುದಿಲ್ಲ. ಧರಿಸುವವನ ತಲೆಯ ಉದ್ದ, ಹಣೆಯಿಂದ ಹಿಂದಲೆಗೆ, 20 ಸೆಂಟಿಮೀಟರ್ ಎಂದಿಟ್ಟುಕೊಳ್ಳೋಣ. ಎರಡೂ ಕಡೆ 2 ಸೆಂಟಿಮೀಟರ್ ಮೆತ್ತೆಗೆ ಸ್ಥಳ ಬಿಟ್ಟರೆ ಒಳಗಿನ ಉದ್ದ 24 ಆಗಬೇಕು. ಕಂಪ್ಯೂಟರಿನ ಮಾದರಿಯಲ್ಲಿ ಆ ಉದ್ದ 6 ಮಾನಗಳಿದ್ದರೆ ಒಂದು ಮಾನಕ್ಕೆ 4 ಸೆಂಟಿಮೀಟರ್. ಮಾದರಿಯ ಎತ್ತರ 8 ಮಾನಗಳಾದರೆ ಶಿರಸ್ತ್ರಾಣದ ಎತ್ತರ 32 ಸೆಂಟಿಮೀಟರ್. ಅಳತೆಯನ್ನು ನೂರಕ್ಕೆ 10ರಷ್ಟು ಹಿಗ್ಗಿಸಿದರೆ ಕಾಗದ ನೂರಕ್ಕೆ 21ರಷ್ಟು ಹೆಚ್ಚು ಬೇಕಾಗುತ್ತದೆ. ಏಕೆಂದರೆ ಮೇಲ್ಮೈ ಉದ್ದದ ವರ್ಗಕ್ಕೆ ಅನುಸಾರವಾಗಿ ಬೆಳೆಯುತ್ತದೆ.

ಇಲ್ಲಿ ಒಂದು ಸಣ್ಣ ಬಲೆ ಇದೆ. ಅಮೆರಿಕದ ನಮೂನೆಗಳು ಅಲ್ಲಿನ ‘ಲೆಟರ್’ ಹಾಳೆಗೆ ಹೊಂದಿಕೊಂಡಿರುವುದುಂಟು. ಅದರ ಅಗಲ 216 ಮಿಲಿಮೀಟರ್. ನಮ್ಮಲ್ಲಿ ಬಳಕೆಯಲ್ಲಿರುವ ಎ-4 ಹಾಳೆಯ ಅಗಲ 210. ಮುದ್ರಣಯಂತ್ರವು ಚಿತ್ರವನ್ನು ಹಾಳೆಗೆ ತಾನಾಗಿಯೇ ಹೊಂದಿಸಲು ಬಿಟ್ಟರೆ ಎಲ್ಲ ಅಳತೆಗಳೂ ನೂರಕ್ಕೆ 3ರಷ್ಟು ಕುಗ್ಗಿ, 24 ಸೆಂಟಿಮೀಟರಿನ ಜಾಗ ಸುಮಾರು 23.3ಕ್ಕೆ ಇಳಿಯುತ್ತದೆ. ವಾರಗಟ್ಟಲೆ ದುಡಿದ ಮೇಲೆ ತಲೆ ತೂರದ ಶಿರಸ್ತ್ರಾಣದಿಂದ ಪ್ರಯೋಜನವೇನು? ಮೊದಲನೆಯ ಹಾಳೆಯ ಒಂದು ಗೆರೆಯನ್ನು ಅಳತೆಪಟ್ಟಿಯಿಂದ ಪರೀಕ್ಷಿಸುವುದು ಅವಶ್ಯಕ. ಕತ್ತು ತೂರುವ ರಂಧ್ರವನ್ನು ಬಿಡಿ ರಟ್ಟಿನಲ್ಲಿ ಕತ್ತರಿಸಿ, ತಲೆ ಅದರಲ್ಲಿ ತೂರುವುದೋ ಎಂದು ನೋಡುವುದೂ ಒಳ್ಳೆಯದು.

ಮಡಿಕೆಯ ಬಲ

ಮದುವೆಯ ಕರೆಯೋಲೆಯಷ್ಟು ದಪ್ಪನಾದ, ಚದರ ಮೀಟರಿಗೆ 200 ಗ್ರಾಂ ತೂಗುವ ಕಾಗದ ಈ ಕೆಲಸಕ್ಕೆ ತಕ್ಕುದು. ಎ-4 ಹಾಳೆಯು ಚದರ ಮೀಟರಿನ ಹದಿನಾರನೆಯ ಒಂದು ಭಾಗವಾದುದರಿಂದ ಒಂದು ಹಾಳೆಯ ತೂಕ 12.5 ಗ್ರಾಂ, ಇಪ್ಪತ್ತು ಹಾಳೆಗಳಾದರೂ ಕಾಲು ಕಿಲೋ ಮಾತ್ರ. ಮಡಿಕೆಯ ಗೆರೆಗಳ ಮೇಲೆ ಮಸಿ ತೀರಿದ ಬಾಲ್ ಪೆನ್ನಿನಿಂದ ಒತ್ತಿ ಗೀರಿದರೆ ಕಾಗದ ನೆಟ್ಟಗೆ ಮಡಿಯುತ್ತದೆ.

ಬಿಡಿಯಾಗಿದ್ದಾಗ ಬಳುಕುವ ಹಾಳೆಯು ಮಡಿಸಿ ಜೋಡಿಸಿದಾಗ ಗಡುಸಾಗುತ್ತದೆ. ಒಳತಗ್ಗಿಲ್ಲದ, ಪೂರ್ಣವಾಗಿ ಮುಚ್ಚಿದ ಬಹುಮುಖ ಘನಾಕೃತಿಯು ಅದರ ಅಂಚುಗಳೆಲ್ಲ ಬಾಗಿಲಿನ ಕೀಲುಗಳಂತೆ ಸಡಿಲವಾಗಿದ್ದರೂ ಅಲುಗದು ಎಂಬುದನ್ನು 1813ರಲ್ಲಿ ಫ್ರಾನ್ಸಿನ ಕೋಶಿ ಸಾಧಿಸಿದನು. ಆದರೆ ಶಿರಸ್ತ್ರಾಣವು ಕತ್ತಿನ ಬಳಿಯೂ ಮುಖದ ಬಳಿಯೂ ತೆರೆದಿರುತ್ತದೆ. ಅದಕ್ಕೆ ಕೋಶಿಯ ಅಭಯವಿಲ್ಲ. ತೆರೆದ ಬಾಯಿ ಸೊಟ್ಟಗಾಗುತ್ತದೆ. ಆದುದರಿಂದ ಅನುಭವಿಗಳು ಆ ಬಾಯಿಗೆ ಅಡ್ಡಲಾಗಿ ರಟ್ಟಿನ ಪಟ್ಟಿಗಳನ್ನು ತಾತ್ಕಾಲಿಕವಾಗಿ ಬಿಗಿದು, ಆಕಾರ ಸರಿಯಾಗಿದೆಯೆಂದು ನಿಶ್ಚಯಿಸಿಕೊಂಡ ಮೇಲೆಯೇ ಮುಂದಿನ ಹೆಜ್ಜೆ ಇಡುತ್ತಾರೆ. ಒಮ್ಮೆ ಸೊಟ್ಟಗೆ ಗಟ್ಟಿಯಾದುದನ್ನು ನೆಟ್ಟಗೆ ಮಾಡಲಾಗದು.

ಎಚ್ಚರಿಕೆಯ ಮಾತು

ಕಾಗದವನ್ನು ಗಟ್ಟಿಗೊಳಿಸಲು ಅನೇಕರು ಹೊರಮೈಗೆ ಪಾಲಿಯೆಸ್ಟರ್ ರಾಳವನ್ನು ಬಳಿದು, ಒಳಮೈಗೆ ಗಾಜಿನ ನಾರಿನ ಬಟ್ಟೆಯನ್ನು ಅದೇ ರಾಳದಿಂದ ಅಂಟಿಸುತ್ತಾರೆ. ತರುವಾಯ ವಾಹನಗಳಿಗೆ ಹಚ್ಚುವ ಪುಟ್ಟಿಯನ್ನು ಮೆತ್ತಿ, ಉಪ್ಪುಕಾಗದದಿಂದ ಉಜ್ಜಿ, ಬಣ್ಣ ಕೊಡುತ್ತಾರೆ. ತ್ರಿಕೋನಗಳ ಮೂಲೆಗಳು ಮಾಯವಾಗಿ ಕವಚವು ಲೋಹದಂತೆ ಹೊಳೆಯುವುದು ಇಲ್ಲಿಯೇ. ಅಪಾಯವಿರುವುದೂ ಇಲ್ಲಿಯೇ.

ಈ ರಾಳವು ಸ್ಟೈರೀನ್ ಎಂಬ ದ್ರವದಲ್ಲಿ ಕರಗಿರುತ್ತದೆ. ಅದಕ್ಕೆ ಸ್ವಲ್ಪವೇ ಪ್ರಮಾಣದಲ್ಲಿ ಮೀಥೈಲ್ ಈಥೈಲ್ ಕೀಟೋನ್ ಪೆರಾಕ್ಸೈಡ್ ಎಂಬ ಗಟ್ಟಿಕಾರಕವನ್ನು ಬೆರೆಸಿದಾಗ ಉದ್ದುದ್ದನೆಯ ಅಣುಸರಪಳಿಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಬಲೆಯಾಗುತ್ತವೆ, ಶಾಖ ಹೊರಬೀಳುತ್ತದೆ. ಗಟ್ಟಿಕಾರಕ ಹೆಚ್ಚಾದರೆ ಶಾಖ ಮಿತಿಮೀರಿ ಕವಚ ಸೊಟ್ಟಗಾಗಬಹುದು, ಬಿರುಕು ಬಿಡಬಹುದು. ಸ್ಟೈರೀನಿನ ಆವಿ ಕಣ್ಣಿಗೂ ಶ್ವಾಸಕ್ಕೂ ನರಮಂಡಲಕ್ಕೂ ಕೆಡುಕು. ಬಟ್ಟೆಯ ಮುಖಗವಸಾಗಲಿ ಧೂಳಿನ ಮುಖಗವಸಾಗಲಿ ಅದನ್ನು ತಡೆಯಲಾರದು. ಗಟ್ಟಿಕಾರಕದ ಹನಿ ಕಣ್ಣಿಗೆ ಸಿಡಿದರೆ ದೃಷ್ಟಿಗೆ ಶಾಶ್ವತವಾದ ಹಾನಿಯಾಗಬಲ್ಲುದು. ರಾಳದೊಡನೆ ಕೋಬಾಲ್ಟಿನ ವೇಗವರ್ಧಕವನ್ನು ಪ್ರತ್ಯೇಕವಾಗಿ ಮಾರುವ ಕಡೆ ಇನ್ನೂ ಹೆಚ್ಚಿನ ಎಚ್ಚರಿಕೆ ಬೇಕು: ವೇಗವರ್ಧಕವನ್ನೂ ಗಟ್ಟಿಕಾರಕವನ್ನೂ ನೇರವಾಗಿ ಬೆರೆಸಿದರೆ ಸ್ಫೋಟವಾಗಬಹುದು. ಬಲ್ಲ ಹಿರಿಯರ ಜೊತೆಯಿಲ್ಲದೆ, ಬಯಲು ಗಾಳಿಯಿಲ್ಲದೆ, ಕನ್ನಡಕ, ಕೈಗವಸು ಮತ್ತು ಆವಿಯನ್ನು ಹೀರುವ ಶೋಧಕವುಳ್ಳ ಮುಖಗವಸು ಇಲ್ಲದೆ ವಿದ್ಯಾರ್ಥಿಗಳು ಈ ಕೆಲಸಕ್ಕೆ ಕೈಹಾಕಲೇಬಾರದು. ಇಷ್ಟು ಸಾಧನಗಳಿಲ್ಲದವರು ರಾಳವನ್ನು ಬಿಟ್ಟು, ಬಿಳಿಯ ಅಂಟಿನಲ್ಲಿ ಅದ್ದಿದ ಕಾಗದದ ಚೂರುಗಳನ್ನು ತೆಳುವಾದ ಪದರಗಳಾಗಿ ಒಳಮೈಗೆ ಹಚ್ಚಿ, ಪ್ರತಿ ಪದರವೂ ಒಣಗಿದ ಮೇಲೆ ಮುಂದಿನದನ್ನು ಹಚ್ಚಬಹುದು. ಇದು ನಿಧಾನವಾದ ಮಾರ್ಗ, ಆದರೆ ವಿಷವಿಲ್ಲದ ಮಾರ್ಗ.

ಮತ್ತೊಂದು ಮಾತು. ಎಷ್ಟೇ ಗಟ್ಟಿಯಾಗಿ ಕಂಡರೂ ಇದು ವೇಷದ ಶಿರಸ್ತ್ರಾಣ, ರಕ್ಷಣೆಯ ಶಿರಸ್ತ್ರಾಣವಲ್ಲ. ದ್ವಿಚಕ್ರ ವಾಹನದ ಹೆಲ್ಮೆಟ್ಟಿನೊಳಗಿನ ಪಾಲಿಸ್ಟೈರೀನ್ ನೊರೆಯ ಪದರವು ಆಘಾತದಲ್ಲಿ ತಾನು ನಜ್ಜುಗುಜ್ಜಾಗಿ ಬಡಿತದ ಶಕ್ತಿಯನ್ನು ನುಂಗಿಕೊಳ್ಳುತ್ತದೆ. ಕಾಗದ ಮತ್ತು ರಾಳದ ಚಿಪ್ಪಿಗೆ ಆ ಗುಣವಿಲ್ಲ. ಅದನ್ನು ಧರಿಸಿ ರಸ್ತೆಗೆ ಇಳಿಯುವುದು ಪ್ರಾಣದೊಡನೆ ಆಟ.

ಕವಚ ಕಟ್ಟುವ ಆಸೆಯಿಲ್ಲದವರಿಗೂ ಈ ವಿದ್ಯೆಯಲ್ಲಿ ಪಾಲುಂಟು. ಒಂದು ರಟ್ಟು, ಒಂದು ಕತ್ತರಿ, ಸ್ವಲ್ಪ ಅಂಟು ಇದ್ದರೆ ಘನದ ಹನ್ನೊಂದು ನಮೂನೆಗಳನ್ನು ಯಾವ ವಿದ್ಯಾರ್ಥಿಯಾದರೂ ಒಂದು ಸಂಜೆಯಲ್ಲಿ ಹುಡುಕಬಹುದು. ಅಲ್ಲಿಂದ ಮುಂದಕ್ಕೆ, ಮುಖಗಳನ್ನು ಒಂದೊಂದಾಗಿ ಹೆಚ್ಚಿಸುತ್ತ ಹೋದರೆ, 1975ರಿಂದ ಉತ್ತರಕ್ಕಾಗಿ ಕಾಯುತ್ತಿರುವ ಆ ಪ್ರಶ್ನೆಯ ಹೊಸ್ತಿಲನ್ನೇ ಅವರು ತಲುಪಿರುತ್ತಾರೆ. ಗಣಿತದಲ್ಲಿ ಬಗೆಹರಿಯದ ಸಮಸ್ಯೆಗಳು ಬಹಳವಿದ್ದರೂ, ಕತ್ತರಿ ಹಿಡಿದು ಕೈಯಾರೆ ಮುಟ್ಟಿ ನೋಡಬಹುದಾದುವು ವಿರಳ.